ಮೂರು ಚುಕ್ಕಿ

ವೇಮಗಲ್ಲಿನ ಈ ಶೆಡ್ಡಿನಲ್ಲಿ ನನ್ನದು ಲ್ಯಾಬು,
ನಾರೆಮ್ಮನದು ಬೆಲ್ಟು.
ನನಗೆ ತಕ್ಕಡಿ, ಒಲೆ, ಹರಿವು ಅಳೆಯುವ ಯಂತ್ರ.
ಅವಳಿಗೆ ಎರಡು ಕಿವಿ, ಒಂದು ಉಗುರು.

ಮಗ್ಗು ಬಂದರೆ ಅಂಚಿಗೆ ಬೆರಳು ಚಿಮ್ಮಿ, ಟಣ್,
‘ಪಿ.ಪಿ.’ ಅನ್ನುತ್ತಾಳೆ, ಎಡಕ್ಕೆ.
ಎಣ್ಣೆಕ್ಯಾನು ಬಂದರೆ ಉಗುರಿಂದ ಗೀರುತ್ತಾಳೆ,
ಗೀರು ನಿಂತರೆ ಬಲಕ್ಕೆ.
ಅನುಮಾನವೆಂದರೆ ಬೆಂಕಿಕಡ್ಡಿ, ಹೊಗೆ ಮೂಸಿ
‘ಇದು ಪೈಪಿನ ಜಾತಿ, ಮೂಗು ಕಚ್ತದೆ, ಆಚೆ ಹಾಕು.’
ಮೂರು ತಾಸು ಕಾದು ನಾನು ಬರೆವ ವರದಿ
ಅವಳ ಟಣ್ಣಿಗೆ ಹಾಕಿದ ರುಜು, ಅಷ್ಟೆ.

ಬೇಲುಗಳು ಬರುತ್ತವೆ
ಮುಳಬಾಗಿಲಿಂದ, ಬಂಗಾರಪೇಟೆಯಿಂದ, ಶ್ರೀನಿವಾಸಪುರದಿಂದ,
ತಂತಿ ಬಿಗಿದು ಹಿಂಡಿ ಕಟ್ಟಿದ ಮನೆಗಳು.
ಕಾಲು ಮುರಿದ ಕುರ್ಚಿ,
ಪಾರ್ಸೆಲ್ ಡಬ್ಬಿಯ ಮೂಲೆಯಲ್ಲಿ ಒಣಗಿದ ಸಾಂಬಾರು,
ಯಾರದೋ ಮಗು ಕೂತೆದ್ದ ಕಕ್ಕಸಿನ ಕುಂಡ,
ಅದರ ಮೇಲೆ ಇನ್ನೂ ನಗುತ್ತಿರುವ ಬಾತುಕೋಳಿ.

ಕಳೆದ ಗುರುವಾರ ಬೆಲ್ಟು ನಿಂತಿತು.
ಆರು ವರ್ಷದಲ್ಲಿ ಒಮ್ಮೆಯೂ ಮುಟ್ಟದ ಕೆಂಪು ಗುಂಡಿಯನ್ನು
ನಾರೆಮ್ಮ ಒತ್ತಿದ್ದಳು.
ಕೈಯಲ್ಲಿ ಹಸಿರು ಕೊಡ, ಚಪ್ಪಟೆ, ಪಕ್ಕೆ ಸೀಳಿದೆ.
ಕಂಠದ ಕೆಳಗೆ ಮೂರು ಸುಟ್ಟ ಚುಕ್ಕಿ.

‘ಊದುಬತ್ತೀಲಿ ನಾನೇ ಸುಟ್ಟಿದ್ದು ಲ್ಯಾಬಮ್ಮ.
ಟ್ಯಾಂಕರ್ ಸಾಲಲ್ಲಿ ಎಲ್ರ ಕೊಡವೂ ಹಸಿರೇ ಅಲ್ವಾ.
ಮೂರನೇದು ಕೈ ಜಾರಿ ಬಾಲ ಬಂತು, ನೋಡು.’
ನೋಡಿದೆ. ಬಾಲ ಇತ್ತು.

ಹನ್ನೊಂದು ವರ್ಷದ ಹಿಂದೆ ಸಾಲಿನಲ್ಲಿ ಕಾಣೆಯಾದ ಕೊಡ.
ಹಿಂದೆ ನಿಂತಿದ್ದವಳು ಪಕ್ಕದ ಮನೆಯ ಚೌಡಕ್ಕ.
ಇವಳು ಒಂದು ಮಾತಂದಳು,
ಅವಳು ಹಿಡಿ ಮಣ್ಣು ತೂರಿದಳು.
ಅಂದಿನಿಂದ ಒಂದೇ ಗೋಡೆ, ಎರಡು ಊರು.
ಚೌಡಕ್ಕನ ಮಗಳ ಮದುವೆಯ ರಾತ್ರಿ
ನಾರೆಮ್ಮ ದೀಪ ಆರಿಸಿ ಕೂತು
ಚಪ್ಪರದ ಬಲ್ಬುಗಳನ್ನು ಕಿಟಕಿಯಿಂದ ಎಣಿಸಿದ್ದಳು.

ಬೇಲಿನ ಚೀಟಿ ತಿರುಗಿಸಿದೆ: ಚಿಂತಾಮಣಿ.
‘ಟ್ಯಾಂಕರಿನವನ ಊರು’ ಎಂದಳು,
ಬಹಳ ಹೊತ್ತಿನ ಮೇಲೆ.

ಗೇಟಿನಾಚೆ ಒಂದು ಮುಚ್ಚಳವೂ ಹೋಗಕೂಡದು.
ಸೂಪರ್‌ವೈಸರನ್ನು ಕೇಳಲೇ ಅಂದೆ, ಬೇಡವೆಂದಳು.
ಅಭ್ಯಾಸಬಲಕ್ಕೆ ಅಂಚಿಗೆ ಬೆರಳು ಚಿಮ್ಮಿದಳು.
ಸೀಳಿದ ಕೊಡ ಟಣ್ ಅನ್ನಲಿಲ್ಲ, ಡಬ್ ಎಂದಿತು.
ಆದರೂ ‘ಪಿ.ಪಿ.’
ಎಡಕ್ಕೆ.

ಕ್ರಷರಿನ ಹಲ್ಲು. ಕಾರದ ಬಿಸಿನೀರು. ತೇಲುವ ತೊಟ್ಟಿ.
ಬದುಕೆಲ್ಲ ತುಂಬಲೆಂದು ಮುಳುಗಿದ್ದು
ಚೂರಾದ ಮೇಲೆ ಮೊದಲ ಸಲ ಹಗುರ ತೇಲಿತು.
ಆಮೇಲೆ ಮಸಿ, ಕಲ್ಲಿನ ಪುಡಿ, ಇನ್ನೂರು ಡಿಗ್ರಿಯ ನಾದುವಿಕೆ,
ಶ್ಯಾವಿಗೆಯಂತೆ ಇಳಿದು ತುಂಡಾಗಿ ಉದುರುವ ಕಾಳು,
ಎಳ್ಳಿಗಿಂತ ದಪ್ಪ, ಅವರೆಗಿಂತ ಸಣ್ಣ.
ಕುರ್ಚಿಯ ಕೆಂಪು, ಬಾತುಕೋಳಿಯ ಹಳದಿ, ಕೊಡದ ಹಸಿರು
ಎಲ್ಲ ಒಂದೇ ಕಪ್ಪು.

ನಾನು ಬರೆದೆ: ಹರಿವು ಹದಿನಾಲ್ಕು. ತೇವ ಇಲ್ಲ. ಪಾಸ್.
ಹನ್ನೊಂದು ವರ್ಷಕ್ಕೆ ಆ ಹಾಳೆಯಲ್ಲಿ ಕಾಲಂ ಇಲ್ಲ.

ಇಲ್ಲಿಂದ ಇನ್ನೊಂದು ಶೆಡ್ಡು, ಅಲ್ಲಿ ಅಚ್ಚು,
ಕಾರಿನ ಚಕ್ರದ ಮೇಲೆ, ಒಳಗಡೆ, ಕಮಾನಾಗಿ ಕೂರುತ್ತದೆ.
ಯಾರೂ ಅದರ ಬಣ್ಣ ಆರಿಸುವುದಿಲ್ಲ, ಯಾರೂ ಒರೆಸುವುದಿಲ್ಲ.
ಕೆಸರು ಬಂದರೆ ತಡೆಯಬೇಕು, ಕಲ್ಲು ಬಂದರೆ ತಿನ್ನಬೇಕು.
‘ನೀರು ಹಿಡಿದದ್ದು ನೀರು ತಡೆಯೋಕೆ ಹೋಯ್ತು ನಾರೆಮ್ಮ’
ಅಂತ ಚಂದ ಮಾಡಿ ಹೇಳಿದೆ.
ಅವಳಿಗದು ಚಂದ ಕಾಣಲಿಲ್ಲ.

‘ಹೋಗಿ ಚೌಡಕ್ಕಂಗೆ ಹೇಳು ಮತ್ತೆ.’
‘ಏನು ನೆಪ ಇಟ್ಕೊಂಡು ಹೋಗ್ಲಿ?
ಮುಂಚೆ ಆಗಿದ್ರೆ ಒಂದು ಕೊಡ ನೀರಿಗೆ ಅಂತ ಹೋಗಬೌದಿತ್ತು.
ಈಗ ಇಬ್ರ ಮನೇಲೂ ನಲ್ಲಿ ಐತೆ.’

ಸಂಜೆ, ಸಣ್ಣ ಮಳೆ ಬಿಟ್ಟ ರಸ್ತೆ, ಕಂಪನಿ ಬಸ್ಸಿಗೆ ಕಾದಿದ್ದೆವು.
ಬಿಳಿ ಕಾರೊಂದು ಗುಂಡಿ ಹಾರಿಸಿ ಹೋಯಿತು,
ಅದರ ಹೊಟ್ಟೆಗೆ ಜಲ್ಲಿ ಸಿಡಿದ ಸದ್ದು.
ನಾರೆಮ್ಮ ತಲೆ ಓರೆ ಮಾಡಿದಳು.
‘ಪಿ.ಪಿ.’

ಬಸ್ಸು ಬಂತು. ಹತ್ತುವಾಗ
ನನ್ನ ಕೈಲಿದ್ದ ಖಾಲಿ ಬಾಟಲಿ ಕಿತ್ತುಕೊಂಡು ಕೇಳಿದಳು:
‘ಇದಕ್ಕೆ ತುಂಬಿಸ್ಕೊಡು ಅಂದ್ರೆ
ನಗ್ತಾಳೇನಮ್ಮಿ?’