ಮೂರನೇ ಹಾಡಿನ ತನಕ

ನನ್ನ ಲೆಕ್ಕ ಸರಳ:
ಮೊದಲ ಹಾಡು ಧೈರ್ಯದ್ದು, ಎರಡನೆಯದು ಅಭ್ಯಾಸದ್ದು,
ಮೂರನೆಯದರಲ್ಲಿ ಬಣ್ಣ ಬಯಲು.
ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳುತ್ತ ಬಂದಿದ್ದೇನೆ
ಡನೀಡಿನ್ನಿನ ಈ ಬೋಲ್ಸ್ ಕ್ಲಬ್ಬಿನಲ್ಲಿ,
ಹಗಲು ಮುದುಕರು ಹುಲ್ಲಿನ ಮೇಲೆ ಚೆಂಡು ಉರುಳಿಸುವಲ್ಲಿ,
ರಾತ್ರಿ ಹುಡುಗರು ತಂತಿ ಮೀಟಿ ಗೋಡೆ ನಡುಗಿಸುವಲ್ಲಿ.
ಕಂಬದ ಪಕ್ಕದ ಜಾಗ ನನ್ನದು. ಬೇರೆ ಯಾರೂ ಅಲ್ಲಿ ನಿಲ್ಲುವುದಿಲ್ಲ,
ನಿಂತರೆ ನನ್ನ ಮಾತು ಕೇಳಬೇಕಾಗುತ್ತದೆ.

ಈ ವರ್ಷದ ಫಸಲು ಹೇಳಲೇ?
'ದಾದಿಯ ಹಲ್ಲು': ನಾಲ್ಕು ಜನ, ಐವತ್ತು ಪೆಡಲು.
ಗಿಟಾರಿಗೆ ಎಷ್ಟು ಪ್ರತಿಧ್ವನಿ ಬಳಿದಿದ್ದಾರೆಂದರೆ
ಇಂದು ಬಾರಿಸಿದ್ದು ನಾಡಿದ್ದು ಕೇಳಿಸೀತು.
'ಹದಿಮೂರು ಛತ್ರಿ'ಯ ಗಾಯಕ ಪಿಸುಗುಡುತ್ತಾನೆ.
ಪಿಸುಗುಡಲು ಒಂದು ಗುಟ್ಟಾದರೂ ಬೇಡವೇ ಮಾರಾಯ?
ಅವನಲ್ಲಿರುವುದು ಒಂದು ಟೋಪಿ.
ಇನ್ನೊಂದು ತಂಡದ ಹೆಸರು ಮರೆತೆ, ರಾಗವನ್ನೂ ಮರೆತೆ.
ರಾಗವನ್ನು ಅವರು ನನಗಿಂತ ಮೊದಲೇ ಮರೆತಿದ್ದರು.
ಎಲ್ಲರಿಗೂ ಈಗ ದುಃಖ. ಇರಲಿ, ವಯಸ್ಸು.
ಆದರೆ ದುಃಖಕ್ಕೂ ನೆಲ ಬೇಕು, ಬೇಸ್ ಬೇಕು;
ಇವರೋ ಅದನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿ
ಮೇಲೆ ಕೂತು ಅಳುತ್ತಾರೆ.

"ಲಾಕ್ಲನ್, ನಿನಗೆ ಹಿಡಿಸಿದ್ದು ಯಾವುದಾದರೂ ಇದೆಯೇ?"
ಗ್ಲಾಸು ಒರೆಸುತ್ತ ಮೆರೆಪೆಕಾ.
"ಎರಡು ಸಾವಿರದ ಮೂರರಲ್ಲಿ ಒಂದಿತ್ತು."
"ಆವತ್ತೂ ಮೂರೇ ಹಾಡಿಗೆ ಎದ್ದು ಹೋದವನು ನೀನು."

ಹೋದೆ, ಹೌದು. ಹತ್ತು ಗಂಟೆಗೆ ನನ್ನ ಪಾಳಿ.
ಒಂಬತ್ತೂವರೆ ಎಂದು ಚೀಟಿ ಅಂಟಿಸಿ
ಒಂಬತ್ತೂ ನಲವತ್ತಕ್ಕೆ ಶ್ರುತಿ ಮಾಡಲು ಕೂರುವ ಈ ಮಂದಿಯಿಂದ
ಮೂರಕ್ಕಿಂತ ಹೆಚ್ಚು ನನ್ನ ಪಾಲಿಗೆ ಬಂದದ್ದಿಲ್ಲ.
ಪೋರ್ಟ್ ಚಾಮರ್ಸಿನ ಬಸ್ಸು
ಯಾರ ಕೊನೆಯ ಚರಣಕ್ಕೂ ಕಾಯುವುದಿಲ್ಲ.
ಸಿದ್ಧಾಂತ ಹುಟ್ಟಿದ್ದು ಹೇಗೆ ಅಂತ ಮಾತ್ರ
ಯಾರಿಗೂ ಹೇಳಿಲ್ಲ.

ಮೊನ್ನೆ. ಜುಲೈ ಎಂದರೆ ನಮಗೆ ನಡುಚಳಿ,
ಹಿಮಗಡ್ಡೆಯ ನಾಡಿನಿಂದ ನೆಟ್ಟಗೆ ನುಗ್ಗಿದ ತೆಂಕಣ ಗಾಳಿ.
'ಒದ್ದೆ ಕಾಲುಚೀಲ' ಎಂಬ ಹೊಸ ತಂಡ.
ಮೊದಲನೆಯದು ಗದ್ದಲ, ಆದರೆ ಬೆನ್ನೆಲುಬಿದ್ದ ಗದ್ದಲ.
ಎರಡನೆಯದರಲ್ಲಿ, ಕೈಕಟ್ಟಿ ನಿಂತಿದ್ದವನು ಕೈ ಬಿಟ್ಟೆ.
ಮೂರನೆಯದರಲ್ಲಿ ಡ್ರಮ್ಮಿನ ಹುಡುಗಿ ಓಟ ಕಿತ್ತಳು,
ಉಳಿದ ಮೂವರು ಎದ್ದೂ ಬಿದ್ದೂ ಹಿಂದೆ.
ನೋಡಿದಿರಾ, ಅಂದೆ ಕಂಬಕ್ಕೆ.
ಜಾಕೆಟ್ಟಿನ ಗುಂಡಿ ಹಾಕಿಕೊಂಡು ಹೊರಟೆ.

ಕೊನೆಯ ಟ್ರಿಪ್ಪು, ಹನ್ನೊಂದು ಐವತ್ತು.
ಹತ್ತಿದವಳು ಅವಳೇ, ಕಂಕುಳಲ್ಲಿ ದುಂಡನೆಯ ಪೆಟ್ಟಿಗೆ.
ಚಿಲ್ಲರೆ ಎಣಿಸಿ ಕೊಟ್ಟು ಮುಂದಿನ ಸೀಟಿನಲ್ಲೇ ಕೂತಳು.
ಬಸ್ಸಿನಲ್ಲಿ ಮತ್ತೊಂದು ನರಪಿಳ್ಳೆ ಇಲ್ಲ.
"ಮೂರನೇ ಹಾಡಲ್ಲಿ ಓಡಿದೆ ನೀನು," ಅಂದೆ, ಕನ್ನಡಿಯೊಳಗೆ.
"ಗೊತ್ತು," ಅಂದಳು. "ಚಳಿ."
ಬೆರಳಿಗೆ ಬಾಯಿಂದ ಬಿಸಿ ಊದಿಕೊಂಡು:
"ಐದನೆಯದು ಕೇಳಿದಿರಾ?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.
ತಿರುವು ಬಂತು, ಪುಣ್ಯಕ್ಕೆ. ತಿರುವು ಮುಗಿಯಿತು.
"ಇಲ್ಲ."

ನಗಲಿಲ್ಲ, ಬಯ್ಯಲಿಲ್ಲ. ಕಂಬಿಯ ಮೇಲೆ ಎರಡು ಬೆರಳಿಟ್ಟು
ತೋರಿಸತೊಡಗಿದಳು:
ಇಲ್ಲಿ ಬೇಸ್ ಒಂದೇ. ಇಲ್ಲಿ ಎಲ್ಲರೂ ಸುಮ್ಮನೆ.
ಇಲ್ಲಿ ನಾನು ತಡವಾಗಿ ಬರುತ್ತೇನೆ, ಬೇಕೆಂದೇ.
ಬಲಕ್ಕೆ ಬಂದರಿನ ಕಪ್ಪು ನೀರು, ಕ್ರೇನಿನ ಕೆಂಪು ದೀಪ,
ಮಂಜು ಬೆರೆತ ಮಳೆ. ವೈಪರಿಗೆ ಅದರದೇ ತಾಳ.
ಅವಳದು ಅದಕ್ಕಿಂತ ಕೂದಲೆಳೆ ಮುಂದೆ.
ಮತ್ತೆ ಓಡುತ್ತಿದ್ದಾಳೆ, ಹೇಳಿಬಿಡಬೇಕು.
ಬಾಯಿ ತೆರೆದೆ.
ವೈಪರಿನ ತಿರುಗಣೆಯನ್ನು ಒಂದು ಹಲ್ಲು ಮುಂದಕ್ಕೆ ತಿರುಗಿಸಿದೆ.

ಬೇಸ್ ಮಾತ್ರ, ಈಗಲೂ ಹೇಳುತ್ತೇನೆ,
ಸಾಲದು.