ನದಿ ಇನ್ನೂ ಬಂದಿಲ್ಲ

ಮುಹರ್ರಕ್‌ನಲ್ಲಿ, ದರ್ಜಿ ಅಂಗಡಿಯ ಮೇಲಿನ ಕೋಣೆ.
ಶುಕ್ರವಾರ ಒಂಬತ್ತಕ್ಕೇ ಚಾಪೆ ಬಿಚ್ಚುತ್ತೇವೆ,
ಅದರ ಮೇಲೊಂದು ಹಸಿರು ಬೆಡ್‌ಶೀಟು,
ಹಾಲುಪುಡಿ ಡಬ್ಬಿಯಿಂದ ಸುರಿದ
ಖರ್ಜೂರದ ಬೀಜ, ತಲೆಗೆ ನಲವತ್ತು.
ದುಡ್ಡಿಲ್ಲ. ದುಡ್ಡು ಬಂದರೆ ಆಟ ಕೆಡುತ್ತದೆ,
ಹಿಂದೆಯೇ ಪೊಲೀಸರೂ ಬರುತ್ತಾರೆ,
ಅನ್ನುತ್ತಾನೆ ಸಿರಿಲ್ ಲೋಬೊ.
ಬೀಜ ಮುಗಿದವನು ಬರುವ ವಾರ
ಎಲ್ಲರಿಗೂ ಮೀನು ಸಾರು ಮಾಡಬೇಕು, ಅಷ್ಟೆ.

ನಾನು ಇಳಕಲ್ಲಿನವನು. ವಾರವಿಡೀ
ಲಿಫ್ಟುಗಳ ಹೊಟ್ಟೆಯೊಳಗೆ ಗ್ರೀಸು ಬಳಿಯುವವನು.
ಮೀನಿನ ವಾಸನೆಗೇ ಮೂಗು ಮುಚ್ಚುತ್ತಿದ್ದವನು
ಈಗ ಕಣ್ಣು ಮುಚ್ಚಿ ಬಂಗುಡೆ ಸೀಳುತ್ತೇನೆ.
ಎಷ್ಟು ಸೋತಿರಬಹುದು, ನೀವೇ ಲೆಕ್ಕ ಹಾಕಿ.

ಎಲೆ ಹಂಚುವವನು ರೊದೇಲ್, ಹಡಗಿನಲ್ಲಿ ಪಳಗಿದ ಬೆರಳು.
ಕೈರೋದ ಹಾನಿಗೆ ಹೆಸರಷ್ಟೇ ಹಾನಿ;
ಗೆದ್ದಾಗಲೂ ಸೋತವನ ಮುಖ ನೋಡಿ
ನಾಲ್ಕು ಬೀಜ ಹಿಂದಕ್ಕೆ ತಳ್ಳುತ್ತಾನೆ.
ಉಮ್ಮರಬ್ಬ ಮಾತಾಡುವುದಿಲ್ಲ.
ಉಳ್ಳಾಲ ಬಿಟ್ಟು ಇಪ್ಪತ್ತಾರು ವರ್ಷ,
ಗೋದಾಮಿನ ಗುಮಾಸ್ತ.
ಎರಡೆಲೆ ಎತ್ತಿ ನೋಡಿ, ಕೆಳಗಿಟ್ಟು,
ಕನ್ನಡಕ ಒರೆಸುತ್ತಾರೆ. ಒಳ್ಳೆಯ ಎಲೆಗೂ ಒರೆಸುತ್ತಾರೆ,
ಕೆಟ್ಟದ್ದಕ್ಕೂ.

ಹನ್ನೊಂದು ದಾಟಿತ್ತು. ನಡುವೆ ನಾಲ್ಕೆಲೆ ತೆರೆದಿದ್ದವು:
ಆಟೀನು ಎಂಟು, ಆಟೀನು ಗುಲಾಮ,
ಕಳಾವರ್ ಮೂರು, ಇಸ್ಪೀಟು ರಾಣಿ.
ನನ್ನ ಕೈಯಲ್ಲೂ ಎರಡು ಆಟೀನು.
ಇನ್ನೊಂದು ಕೆಂಪು ಹೃದಯ ಬಿದ್ದರೆ ರಾಶಿ ನನ್ನದು.
ಕೊನೆಗೆ ತೆರೆಯುವ ಐದನೆಯ ಎಲೆಗೆ
ಈ ಆಟದಲ್ಲಿ ನದಿ ಎಂದು ಹೆಸರು,
ಒಂದೂ ನದಿಯಿಲ್ಲದ ಈ ದ್ವೀಪದಲ್ಲೂ.

ಅಷ್ಟರಲ್ಲಿ ಬಾಂಗ್.
ಉಮ್ಮರಬ್ಬ ತಮ್ಮ ಎಲೆಗಳ ಮೇಲೆ
ಸುಲೈಮಾನಿ ಕುಡಿದ ಲೋಟ ಕವುಚಿಟ್ಟು ಎದ್ದರು.
ಹಾನಿ ತನ್ನವನ್ನು ಕುರ್ಚಿಯಲ್ಲಿಟ್ಟು ದಿಂಬು ಹೊದಿಸಿದ.
ಮೊದಲೇ ಎಲೆ ಎಸೆದಿದ್ದ ಸಿರಿಲ್, ರೊದೇಲ್
ಮನಾಮದ ಇಗರ್ಜಿಗೆ ಬಸ್ಸು ಹಿಡಿದರು.
ಕಟ್ಟಿನ ಮೇಲೆ ಉಪ್ಪಿನ ಭರಣಿ.
"ನೋಡ್ಕೊ" ಅಂದರು ಉಮ್ಮರಬ್ಬ, ಚಪ್ಪಲಿ ಮೆಟ್ಟುತ್ತಾ.

ನೋಡಿಕೊಳ್ಳಬೇಕೋ, ನೋಡಬಾರದೋ.

ಕೋಣೆಯಲ್ಲಿ ನಾನು, ಅವರಿವರ ನಾಲ್ಕೆಲೆ,
ಉಪ್ಪಿನಡಿ ತಣ್ಣಗೆ ಮಲಗಿದ ನದಿ.
ಮೊಟ್ಟೆ ಬೇಯಿಸಿಕೊಂಡೆ. ತಟ್ಟೆ ತೊಳೆದೆ.
ತಗ್ಗಿ ಹಾರಿದ ವಿಮಾನಕ್ಕೆ ಕಿಟಕಿ ನಡುಗಿತು,
ಬೀಜಗಳು ಒಂದಕ್ಕೊಂದು ತಾಗಿ ಟಿಕ್ ಅಂದವು.
ಆಗ ಕಂಡೆ:
ಏಸಿಯ ಗಾಳಿ ನೇರ ಉಮ್ಮರಬ್ಬರ ಲೋಟಕ್ಕೆ ಬಡಿದು
ಒಂದೆಲೆಯ ಮೂಲೆ ಏಳುತ್ತಿದೆ, ಬೀಳುತ್ತಿದೆ.
ಇನ್ನೊಂದು ಕೂದಲೆಳೆ ಎದ್ದರೆ
ಕೆಂಪೋ ಕಪ್ಪೋ ತಾನಾಗಿ ತಿಳಿಯುತ್ತದೆ.
ನಾನು ಮುಟ್ಟಿಲ್ಲ. ಗಾಳಿ ತೋರಿಸಿದ್ದು.
ಎಂಥ ಒಳ್ಳೆಯ ವಕೀಲನಿದ್ದಾನೆ ನನ್ನೊಳಗೆ!
ಬಗ್ಗಲೂ ಬೇಕಿಲ್ಲ, ಕೂತಲ್ಲೇ ಕೂತರೆ ಸಾಕು.

ಎದ್ದು ಏಸಿ ಆರಿಸಿದೆ.

ಆಗಸ್ಟು. ಐದು ನಿಮಿಷಕ್ಕೆ ಬನಿಯನ್ನು ಬೆನ್ನಿಗೆ ಅಂಟಿತು.
ಎಲೆ ಮಲಗಿತು. ಧ್ವನಿವರ್ಧಕದಲ್ಲಿ
ಅರ್ಥವಾಗದ ಪ್ರವಚನ, ಅರ್ಥವಾದಂತೆ ತಲೆ ತೂಗಿದೆ.
ಗಡಿಯಾರದ ಕೆಳಗೆ ಕೂತು ಬೆವತೆ,
ಪರೀಕ್ಷೆಯ ಕೋಣೆಗೆ ಬೇಗ ಬಂದ ಹುಡುಗನ ಹಾಗೆ.

"ಇದೇನು ಕುಲುಮೆ!" ಬಾಗಿಲಲ್ಲೇ ಕೂಗಿದ ಹಾನಿ.
"ಕರೆಂಟು ಹೋಗಿತ್ತು" ಅಂದೆ.
ಆ ದಿನ ನಾನು ಹೇಳಿದ ಒಂದೇ ಸುಳ್ಳು, ಅದೂ ಮಕ್ಕಳ ಸುಳ್ಳು:
ಮೂಲೆಯಲ್ಲಿ ಫ್ರಿಜ್ಜು ಗುಂಯ್ ಅನ್ನುತ್ತಲೇ ಇತ್ತು.
ಉಮ್ಮರಬ್ಬ ಫ್ರಿಜ್ಜಿನ ಕಡೆ ನೋಡಿದರು,
ಲೋಟದ ಕಡೆ, ಗೋಡೆಯ ಏಸಿಯ ಕಡೆ,
ನನ್ನ ಬನಿಯನ್ನಿನ ಕಡೆ.
ಕನ್ನಡಕ ಒರೆಸಿದರು.

ಹಾನಿ ಭರಣಿ ಸರಿಸಿ ನದಿ ತೆರೆದ:
ಕಳಾವರ್ ಒಂಬತ್ತು.
ಉಮ್ಮರಬ್ಬ ಹದಿನೈದು ಬೀಜ ಮುಂದಿಟ್ಟರು.
ಹಾನಿ ಎಲೆ ಎಸೆದ. ನಾನೂ ಎಸೆದೆ.
ತಮ್ಮ ಎರಡೆಲೆ ಯಾರಿಗೂ ತೋರಿಸದೆ
ಕಟ್ಟಿನೊಳಗೆ ಸೇರಿಸಿ ಕಲೆಸಿಬಿಟ್ಟರು.
ಏನಿತ್ತೋ. ಏನೂ ಇರಲಿಲ್ಲವೋ.

ಬರುವ ವಾರ ಸಾರು ನನ್ನದೇ.
ಇಸ್ಮಾ ಅಂಗಡಿಯಲ್ಲಿ ಅಂಜಲ್ ಬಂದಿದೆಯಂತೆ,
ಮೆಟ್ಟಿಲಿಳಿಯುತ್ತಾ ಉಮ್ಮರಬ್ಬ ಅಂದರು,
ನಾಲ್ಕು ತಾಸಿನಲ್ಲಿ ಅವರ ಎರಡನೆಯ ಮಾತು:
"ಹುಳಿ ಸ್ವಲ್ಪ ಕಡಿಮೆ ಹಾಕು."