ಐವತ್ತೆಂಟು ಡಬ್ಬಿ

ಈಗ ಎಲ್ಲಾರಿಗೂ ಗೊತ್ತದ.
ಜೇವರ್ಗಿ ಕ್ರಾಸಿನ ಆಟೋದಾಗ, ಬಟ್ಟಿ ಅಂಗಡ್ಯಾಗ,
ನಿನ್ನೆ ನಮ್ಮ ಓಣಿ ಕುಬಸದ ಮನ್ಯಾಗೂ ಹಚ್ಚಿದ್ರು:
"ನೆಲ ತಣ್ಣಗದ, ಮೈ ಚೆಲ್ಲಿ ಮಲಗು."
ಉಣ್ಣಲಿಕ್ಕೆ ಕೂತವರು ಹೋಳಿಗಿ ಮುರಕೋತ
ತಲಿ ಆಡಿಸಿದ್ರು.
ನನಗ ತುತ್ತು ಇಳೀಲಿಲ್ಲ.
ಖುಷಿಗೋ ಹೊಟ್ಟೆಕಿಚ್ಚಿಗೋ, ಕೇಳಬ್ಯಾಡ್ರಿ.

ಆಗ ನಾವು ಹನ್ನೊಂದು ಮಂದಿ.
ಶಹಾಬಾದ ಸ್ಟೇಷನ್ನಿನ ಹಿಂದ
ಬೀಗ ಬಿದ್ದ ಪಾಲಿಶ್ ಕಾರ್ಖಾನಿ ಶೆಡ್ಡು,
ಕಲ್ಲಿನ ಧೂಳು ಕೂತ ತಗಡು, ಶನಿವಾರ ಸಂಜಿ.
ಸಾಯಬಣ್ಣ ಹಾಡಾಂವ, ಹಗಲು ಖಣಿಯೊಳಗ ಫರಸಿ ಎಬ್ಬಿಸಾಂವ.
ಇಲಿಯಾಸನ ಗಿಟಾರಿಗೆ ಐದೇ ತಂತಿ.
ಎಸ್ತೇರ್, ಚರ್ಚಿನ ಹಾರ್ಮೋನಿಯಂ
ಪಾದ್ರಿಗೆ ಹೇಳದೆ ಹೊತ್ತು ತರಾಕಿ.
ದೇವಿಂದ್ರನ ಹಲಗಿ ಕಾಸಲಿಕ್ಕೆ
ಪ್ರತಿ ವಾರ ನಾನೇ ರದ್ದಿ ಒಯ್ತಿದ್ದೆ.

ಝೆರಾಕ್ಸ್ ಅಂಗಡಿ ನಂದು.
ಹಾಡು ಬರದ ಹಾಳಿ ನಲವತ್ತು ಪ್ರತಿ ತಗದೆ, ರೊಕ್ಕ ಕೇಳಲಿಲ್ಲ.
ಇಪ್ಪತ್ತೊಂಬತ್ತು ಉಳಿದ್ವು.
ಹಿಂದಿನ ಬಗಲಿಗೆ ಕಿರಾಣಿ ಲೆಕ್ಕ ಬರದು ಮುಗಿಸಿದೆ.
ಅವು ಇದ್ದಿದ್ರ ಇವತ್ತು...
ಛೀ, ಹಿಂಗೂ ಒಂದು ವಿಚಾರ ಬರ್ತದ ನೋಡ್ರಿ.

ಆ ಹಾಡಿನ ನಡುವ, "ಮೈ ಚೆಲ್ಲಿ" ಅಂಬೋದಕ್ಕೆ ಸರೀ
ವಾಡಿ ಕಡಿಂದ ಗೂಡ್ಸ್ ಬರ್ತಿತ್ತು.
ತಗಡು ನಡುಗೋದು, ಚಹಾದ ಕಪ್ಪು ತಾನೇ ಸರಿಯೋದು,
ಸಾಯಬಣ್ಣ ಬಾಯಿ ತೆರದಾಂವ ತೆರದ್ಹಂಗೇ ನಿಲ್ಲತಿದ್ದ.
ನಾವು ಬೆರಳು ಮಡಚಿ ಡಬ್ಬಿ ಎಣಿಸ್ತಿದ್ವಿ, ಹನ್ನೊಂದೂ ಮಂದಿ,
ಐವತ್ತೆಂಟು.
ಗಾರ್ಡಿನ ಕೆಂಪು ದೀಪ ದಾಟಿದ ಮ್ಯಾಲ
ಅದೇ ಉಸುರಿಗೆ
"ಮಲಗು."
ಅಷ್ಟು ತಡ ಆಗಿ ಬಂದ ಮಾತು
ಯಾರ ತೂಕಾನೂ ತಾಳತಿತ್ತು.

ಎಲ್ಲಾರೂ ಕೇಳಬೇಕು, ಇಂಥಾವರು ಬೆಳೀಬೇಕು ಅಂತ
ಅಂಗಡಿಗೆ ಬಂದವರಿಗೆಲ್ಲ ಗಂಟು ಬಿದ್ದಾಕಿ ನಾನೇ.
ಆಧಾರ್ ಕಾರ್ಡಿನ ಪ್ರತಿ ಬೇಕಂದ್ರ
ಮೊದಲು ಇದೊಂದು ಕೇಳ್ರಿ ಅಂತಿದ್ದೆ.
ಕೇಳಿದ್ರಲ್ಲ ಈಗ?

ತಮಗ "ಫರಸಿ" ಅಂತ ಹೆಸರಿಟ್ಟುಕೊಂಡಿದ್ರು.
ನಮ್ಮ ಕಲ್ಲು ಹೋಗದ ಊರಿಲ್ಲ.
ಯಾರದೋ ಅಡಗಿಮನಿ, ಯಾರದೋ ದವಾಖಾನಿ,
ಬರಿಗಾಲಿಟ್ಟು ತಂಪು ತಗೊಂಬೋರು
ಎಲ್ಲಿದು ಅಂತ ಕೇಳಂಗಿಲ್ಲ.
ಖಣಿ ಇಲ್ಲೇ ಉಳೀತದ, ಹಸರ ನೀರು ತುಂಬಿಕೊಂಡು,
ಹುಡುಗರು ಈಜ ಬೀಳ್ತಾರ.

ಮೊನ್ನೆ ಕಲಬುರಗಿ ಮೈದಾನದಾಗ ಮೂರು ನೂರು ಟಿಕೀಟು.
ಸಾಲಿನ್ಯಾಗ ನಿಂತು ತಗೊಂಡೆ.
ಫೋನ್ ಮಾಡಿದ್ರ ಸಾಯಬಣ್ಣ ಸುಮ್ಮನೇ ಒಳಗ ಬಿಡಿಸ್ತಿದ್ದ,
ಮಾಡಲಿಲ್ಲ. ಎತ್ತದೇ ಇದ್ರ?
ಇಲಿಯಾಸಗ ಆರೂ ತಂತಿ ಬಂದಾವ.
ದೇವಿಂದ್ರನ ಹಲಗಿಗೆ ಪ್ಲಾಸ್ಟಿಕ್ ಚರ್ಮ, ಬೆಂಕಿ ಬೇಕಿಲ್ಲ,
ರದ್ದಿ ಬೇಕಿಲ್ಲ.
ಎಸ್ತೇರ್ ನಗಲಿಕ್ಕೆ ಕಲ್ತಾಳ.

ಆ ಹಾಡು ಬಂತು. "ಮೈ ಚೆಲ್ಲಿ"...
ನಿಂತ.
ಅಲ್ಲಿ ಹಳಿ ಇಲ್ಲ, ಗೂಡ್ಸ್ ಇಲ್ಲ.
ಹತ್ತು ಸಾವಿರ ಮಂದಿ ಸ್ಟೈಲ್ ಅಂದ್ಕೊಂಡು ಸೀಟಿ ಹೊಡೆದ್ರು.
ನನ್ನ ಬೆರಳು ತಾವೇ ಮಡಚಿಕೊಂಡ್ವು.
ಹತ್ತು. ಇಪ್ಪತ್ತು. ಸೀಟಿ ಸಣ್ಣಾಯ್ತು.
ನಲವತ್ತಕ್ಕ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು.
ಐವತ್ತಾರಕ್ಕ ಎತ್ತಿದ.
ಎರಡು ಡಬ್ಬಿ ಕಡಿಮಿ,
ಇಲ್ಲಾ ನನ್ನ ಎಣಿಕಿನೇ ತಪ್ಪಿತ್ತೋ.

ಬಾಜೂಕ ಒಂದು ಹುಡುಗಿ, ಆಳಂದದಾಕಿ,
ಕಾಲೇಜಿನ ಬ್ಯಾಗು ಎದಿಗೆ ಅವಚಿ ಅಳ್ತಿದ್ಲು,
ಖರೇನೇ ಅಳ್ತಿದ್ಲು, ಹನ್ನೊಂದು ಮಂದ್ಯಾಗ ಒಬ್ಬಾಕಿ ಹಂಗ.
ಅದು ನನಗ ಸೇರಲಿಲ್ಲ.
ಆಮ್ಯಾಲ ಸೇರಲಿಲ್ಲಲ್ಲ ಅಂತ ನಾಚಿಕಿ ಬಂತು.
"ಅಕ್ಕಾ, ನಡುವ ಅಷ್ಟೊತ್ತು ಯಾಕ ನಿಂತ್ರು?"
"ಏನೋವ್ವಾ, ನನಗೇನು ಗೊತ್ತು" ಅಂದೆ.

ಅದೊಂದಾದ್ರೂ ನಂದಿರಲಿ ಅಂತ
ಕಡೀ ಗಾಡಿ ಹತ್ತಿ, ಬಾಯಿ ಬಿಗಿಹಿಡದು
ಶಹಾಬಾದ ಮುಟ್ಟೀನಿ.
ಈಗ ನೋಡ್ರಿ,
ನಿಮ್ಮ ಮುಂದ ಎಲ್ಲಾ ಹೇಳಿ ಕೂತೀನಿ.